ಮಳೆಗಾಲದಲ್ಲಿ ಸಸಿಗೆ ಸೋಲಾರ್ ಲೈಟು: 100 ವ್ಯಾಟ್ ಪ್ಯಾನಲ್ ಸಾಕಾ?

ಕೊಪ್ಪದ ಅಟ್ಟ:
ಎಲ್ರಿಗೂ ನಮಸ್ಕಾರ. ನಮ್ದು ಕೊಪ್ಪದ ಹತ್ರ ಹಳೇ ಹೆಂಚಿನ ಮನೆ, ಮುಂದೆ ಅಡಿಕೆ ತೋಟ, ಹಿಂದೆ ಕಾಫಿ. ಜೂನ್ ಬಂತು ಅಂದ್ರೆ ಒಳಗೆ ಹಗಲು ಹೊತ್ತಲ್ಲೂ ಲೈಟ್ ಹಾಕ್ಕೊಂಡೇ ಇರ್ಬೇಕು. ಮಳೆ ಸ್ವಲ್ಪ ಹಿಡಿತಕ್ಕೆ ಬರೋ ಹೊತ್ತಿಗೆ ಮೆಣಸಿನಕಾಯಿ, ಬದನೆ, ಟೊಮೇಟೊ ಸಸಿ ನೆಡಕ್ಕೆ ರೆಡಿ ಇರ್ಬೇಕು ಅನ್ನೋದು ಅಮ್ಮಂದು. ಹೊರಗಿಟ್ರೆ ಮಳೆ ಹೊಡೆತಕ್ಕೆ ಬುಡ ಕೊಳೆಯುತ್ತೆ, ಒಳಗಿಟ್ರೆ ಬೆಳಕು ಸಾಲ್ದೆ ಸಣಕಲಾಗಿ ಉದ್ದುದ್ದ ಎದ್ದು ಮಗ್ಗಲಿಗೆ ಬೀಳುತ್ತೆ. ಅದಕ್ಕೆ ಅಟ್ಟದಲ್ಲಿ 20 ವ್ಯಾಟಿನ ಎರಡು ಎಲ್ಇಡಿ ಹಾಕಿ, ದಿನಾ 14 ಗಂಟೆ ಉರಿಸೋಣ ಅಂತಿದೀವಿ. ಕರೆಂಟ್ ನಂಬೋ ಹಾಗಿಲ್ಲ, ಗಾಳಿ ಬಂದು ಮರ ಬಿದ್ರೆ ಎರಡು ಮೂರು ದಿನ ಲೈನ್ ಇರಲ್ಲ. ಅಂಗಡಿಯವ್ರು 100 ವ್ಯಾಟ್ ಪ್ಯಾನಲ್, ಒಂದು ಸಣ್ಣ ಬ್ಯಾಟರಿ ಸಾಕು ಅಂತಾರೆ. ಸಾಕಾಗುತ್ತಾ? ಯಾರಾದ್ರೂ ಮಲೆನಾಡಲ್ಲಿ ಮಾಡಿ ನೋಡಿದ್ರೆ ಹೇಳಿ.

ಅರಸೀಕೆರೆ ಬಿಸಿಲು:
ಧೈರ್ಯವಾಗಿ ಹಾಕಿಸ್ರಣ್ಣ. ನಮ್ಮನೆ ತಾರಸಿ ಮೇಲೆ 100 ವ್ಯಾಟ್‌ದು ಒಂದೇ ಪ್ಯಾನಲ್ ಐತೆ, ಕೆಳಗೆ ರೂಮಲ್ಲಿ ಮೈಕ್ರೋಗ್ರೀನ್ಸ್ ಟ್ರೇಗೆ 20 ವ್ಯಾಟ್ ಲೈಟು, ರಾತ್ರಿ ಅಂಗಳದ ಬಲ್ಬು, ಮೊಬೈಲ್ ಚಾರ್ಜು ಎಲ್ಲಾ ಅದ್ರಲ್ಲೇ ನಡೀತೈತೆ. ಮಳೆಗಾಲದಲ್ಲೂ ನಮ್ ಕಡೆ ಬಿಸಿಲಿಗೇನು ಬರ ಇಲ್ಲ ಕಣಣ್ಣ, ಮೋಡ ಬಂದ್ರೂ ಮಧ್ಯಾಹ್ನದ ಹೊತ್ಗೆ ಬಿಟ್ಕೊಳ್ತೈತೆ.

ಮೂಡಿಗೆರೆ ವೈರಿಂಗ್:
ಅರಸೀಕೆರೆ ಅಣ್ಣ ಹೇಳಿದ್ದು ಅರಸೀಕೆರೆಗೆ ಸರಿ, ಆದ್ರೆ ಅದನ್ನ ಕೊಪ್ಪಕ್ಕೆ ತಂದು ಹಾಕಕ್ಕಾಗಲ್ಲ ಮಾರಾಯ್ರೆ. ಒಂದೇ ಜಿಲ್ಲೇಲಿ ನೋಡಿ, ಅರಸೀಕೆರೆ ಸಕಲೇಶಪುರ ಎರಡೂ ಹಾಸನವೇ, ಆದ್ರೆ ಜುಲೈ ತಿಂಗಳಲ್ಲಿ ಎರಡೂರಿನ ಆಕಾಶಕ್ಕೆ ಸಂಬಂಧವೇ ಇಲ್ಲ. ನಮ್ಮಲ್ಲೂ ಅಷ್ಟೇ, ಕಡೂರು ಬೇರೆ ಕೊಪ್ಪ ಶೃಂಗೇರಿ ಬೇರೆ.

ಪ್ಯಾನಲ್ ಹಿಂದೆ 100 ವ್ಯಾಟ್ ಅಂತ ಸ್ಟಿಕ್ಕರ್ ಇರುತ್ತಲ್ಲ, ಅದು 25 ಡಿಗ್ರಿ ಶಾಖದಲ್ಲಿ, ಚದರ ಮೀಟರ್‌ಗೆ 1000 ವ್ಯಾಟ್ ಬಿಸಿಲು ನೇರ ಬಿದ್ದಾಗ ಬರೋದು. ದಟ್ಟ ಮೋಡ ಕವಿದ್ರೆ ಅದ್ರಲ್ಲಿ ಹತ್ತು ಇಪ್ಪತ್ತು ವ್ಯಾಟ್ ಬಂದ್ರೆ ದೊಡ್ಡದು. ಅದಕ್ಕೆ ನಾನು ಮಲೆನಾಡಲ್ಲಿ ಯಾವ ಮನೆಗೆ ಲೆಕ್ಕ ಹಾಕಿದ್ರೂ ಪುನರ್ವಸು, ಪುಷ್ಯ ಮಳೆ ಹೊಡೆಯೋ ಜುಲೈ ಟೈಮಿಗೆ ಹಾಕ್ತೀನಿ, ಅಂದ್ರೆ ದಿನಕ್ಕೆ ಪೂರ್ತಿ ಬಿಸಿಲಿಗೆ ಸಮ ಬರೀ 2 ಗಂಟೆ. ಫೆಬ್ರವರಿ ಮಾರ್ಚಲ್ಲಿ ಅದೇ ಐದೂವರೆ ಗಂಟೆ ಹಿಡೀಬಹುದು. ಮೇಲಿಂದ ಧೂಳು, ವೈರು, ಪ್ಯಾನಲ್ಲಿಂದ ಬ್ಯಾಟರಿ ಚಾರ್ಜ್ ಮಾಡೋ ಕಂಟ್ರೋಲರ್ ಅಂತ ಕಾಲು ಭಾಗ ಕಳೀರಿ.

ಈಗ ನಿಮ್ದು ನೋಡಿ. 40 ವ್ಯಾಟನ್ನ 14 ಗಂಟೆಗೆ ಗುಣಿಸಿದ್ರೆ ದಿನಕ್ಕೆ 560 ವ್ಯಾಟ್-ಅವರ್. ಬ್ಯಾಟರಿಗೆ ಹೋಗಿ ಬರೋ ನಷ್ಟ, ಲೈಟಿನ ಡ್ರೈವರ್ (ಎಲ್ಇಡಿಗೆ ಕರೆಂಟ್ ಹದ ಮಾಡಿ ಕೊಡೋ ಸರ್ಕ್ಯೂಟ್) ತಿನ್ನೋದು ಸೇರಿಸಿದ್ರೆ ಹತ್ರ ಹತ್ರ 700 ಬೇಕು. 100 ವ್ಯಾಟ್ ಪ್ಯಾನಲ್ ಜುಲೈಲಿ ಕೊಡೋದು 150. ಶಿವರಾತ್ರಿ ಬಿಸಿಲಲ್ಲೂ ಅದು 400ರ ಮೇಲೆ ಸ್ವಲ್ಪ ಕೊಡುತ್ತೆ ಅಷ್ಟೇ, ಅಂದ್ರೆ ಬೇಸಿಗೇಲೂ ಸಾಲಲ್ಲ! ಜುಲೈಗೆ ಸಾಲ್ಬೇಕು ಅಂದ್ರೆ 450 ವ್ಯಾಟ್ ಮೇಲೆ ಹೋಗ್ಬೇಕು. ನಿಮಗೆ ಲೈಟು ಬೇಕಾಗಿರೋದೇ ಬಿಸಿಲಿಲ್ಲದ ತಿಂಗಳಲ್ಲಿ, ಇಡೀ ವಿಷ್ಯದ ಗಂಟು ಇರೋದೇ ಅಲ್ಲಿ. ಅದಕ್ಕೆ ಪ್ಯಾನಲ್ ದೊಡ್ಡದು ಮಾಡೋಕೆ ಮುಂಚೆ ಲೈಟ್ ಎಷ್ಟು ಕಮ್ಮಿ ಮಾಡ್ಬಹುದು ನೋಡಿ.

ಕೊಪ್ಪದ ಅಟ್ಟ:
ಅಯ್ಯೋ 450 ವ್ಯಾಟಾ? ಅಷ್ಟು ದುಡ್ಡು ಸಸಿಗೋಸ್ಕರ ಹಾಕಕ್ಕಾಗಲ್ಲ ಸರ್. ಲೈಟ್ ಕಮ್ಮಿ ಮಾಡಿದ್ರೆ ಸಸಿ ಮತ್ತೆ ಸಣಕಲಾಗಲ್ವಾ?

ಚಿಕ್ಕಮಗಳೂರು ಲ್ಯಾಬು:
ನಾನು ಗಿಡದ ಕಡೆಯಿಂದ ಹೇಳ್ತೀನಿ. ಲೈಟಿನ ವ್ಯಾಟ್ ಎಷ್ಟು ಅನ್ನೋದಕ್ಕಿಂತ ಎಲೆ ಮೇಲೆ ಬೀಳೋ ಬೆಳಕು ಎಷ್ಟು ಅನ್ನೋದು ಮುಖ್ಯ, ಅದನ್ನ ಮೈಕ್ರೋಮೋಲ್ ಲೆಕ್ಕದಲ್ಲಿ ಅಳೀತಾರೆ. ಬೇಸಿಗೆ ಮಧ್ಯಾಹ್ನದ ನೆತ್ತಿ ಬಿಸಿಲು ಚದರ ಮೀಟರ್‌ಗೆ ಸೆಕೆಂಡಿಗೆ 2000 ಮೈಕ್ರೋಮೋಲ್ ಹತ್ರ. ಸಸಿಗೆ 100ರಿಂದ 200 ಇದ್ದು, 14 ಗಂಟೆ ಸಿಕ್ಕಿದ್ರೆ ಗಟ್ಟಿಯಾಗೇ ಬೆಳೆಯುತ್ತೆ. ಕಾಯಿ ಬಿಡೋ ಟೊಮೇಟೊ ಗಿಡಕ್ಕೆ ದಿನಕ್ಕೆ ಅದರ ಮೂರು ನಾಲ್ಕು ಪಟ್ಟು ಬೆಳಕು ಬೇಕು, ಅದನ್ನ ಸಣ್ಣ ಸೋಲಾರಲ್ಲಿ ಒಳಗೆ ಬೆಳೆಸೋ ಯೋಚನೆ ಇದ್ರೆ ಇವತ್ತೇ ಬಿಟ್ಬಿಡಿ. ಸಸಿ ಮಾತ್ರ ಅಂದ್ರೆ ಲೆಕ್ಕ ಕೈಗೆ ಸಿಗುತ್ತೆ.

ನರ್ಸರಿಯವ್ರು ಬಳಸೋ 98 ಗುಳಿಯ ಪ್ರೋಟ್ರೇ ಇದ್ಯಲ್ಲ, ಅದು ಸುಮಾರು 54 ಸೆಂಟಿಮೀಟರ್ ಉದ್ದ 28 ಅಗಲ. ಅದ್ರ ಮೇಲೆ ಒಂದಡಿ ಒಳಗೆ ಒಳ್ಳೇ 20 ವ್ಯಾಟ್ ಲೈಟ್ ಒಂದೇ ಇಟ್ರೆ 150 ಮೈಕ್ರೋಮೋಲ್ ಹತ್ರ ಬೀಳುತ್ತೆ. ಮನೆ ತೋಟಕ್ಕೆ 98 ಸಸಿ ಬೇಕಾದಷ್ಟಾಯ್ತು. ಎರಡು ಲೈಟ್ ಯಾಕೆ, ಒಂದು ತೆಗೀರಿ. ಪಕ್ಕಗಳಿಗೆ ಬಿಳಿ ಥರ್ಮೋಕೋಲ್ ನಿಲ್ಲಿಸಿ, ಆಚೆ ಚೆಲ್ಲೋ ಬೆಳಕು ಟ್ರೇಗೇ ವಾಪಸ್ ಬರುತ್ತೆ, ಇದ್ರಿಂದ ಸಿಗೋ ಲಾಭಕ್ಕೆ ಒಂದು ವ್ಯಾಟೂ ಖರ್ಚಿಲ್ಲ. ಮೊಳಕೆ ಒಡೆಯೋವರೆಗೂ ಮೆಣಸಿನಕಾಯಿ ಟೊಮೇಟೊಗೆ ಬೆಳಕೇ ಬೇಡ, ಎರಡೆಲೆ ಕಂಡ ದಿನದಿಂದ ಹಾಕಿದ್ರೆ ಸಾಕು.

ಇನ್ನೊಂದು, ಆ ನೇರಳೆ ಗುಲಾಬಿ ಬಣ್ಣದ ಲೈಟಿಗೆ ಜಾಸ್ತಿ ದುಡ್ಡು ಕೊಡ್ಬೇಡಿ. ಎಲೆ ಹಸಿರು ಬಣ್ಣದ ಬೆಳಕನ್ನೂ ಬಳಸ್ಕೊಳ್ಳುತ್ತೆ, ಒಳ್ಳೇ ಬಿಳಿ ಎಲ್ಇಡಿ ಸಾಕು, ಮತ್ತೆ ಬಿಳಿ ಬೆಳಕಲ್ಲಿ ಎಲೆಗೆ ಹುಳ ಬಿದ್ದಿದ್ದು, ಹಳದಿ ತಿರುಗಿದ್ದು ಕಣ್ಣಿಗೆ ಕಾಣುತ್ತೆ. ಗುಲಾಬಿ ಬೆಳಕಲ್ಲಿ ರೋಗ ಬಂದ್ರೂ ಗೊತ್ತಾಗಲ್ಲ.

ಸಕಲೇಶಪುರ ಹೆಂಚು:
ಯಾರೂ ಕೇಳ್ತಿಲ್ಲ, ನಾನೇ ಕೇಳ್ತೀನಿ. ಅಟ್ಟದಲ್ಲಿ ಅಂದ್ರಲ್ಲ, ಮೇಲೆ ಹೆಂಚೇ ತಾನೆ ಇರೋದು? ಒಂದ್ನಾಲ್ಕು ಗಾಜಿನ ಹೆಂಚು ಹಾಕಿಸಿ! ನಮ್ಮ ಅಡುಗೆ ಮನೇಲಿ ಅಜ್ಜಿ ಕಾಲದಿಂದ ಗಾಜಿನ ಹೆಂಚಿನ ಕೆಳಗೇ ತುಳಸಿ, ದೊಡ್ಡಪತ್ರೆ, ಮಳೆಗಾಲದ ಸಸಿ ಮಡಿ ಎಲ್ಲಾ ಇರೋದು. ಪ್ಯಾನಲ್ಲು, ಬ್ಯಾಟರಿ, ವೈರು ಯಾವ್ದೂ ಬೇಡ.

ಚಿಕ್ಕಮಗಳೂರು ಲ್ಯಾಬು:
ಅಕ್ಕ ಹೇಳಿದ್ದಕ್ಕೆ ಲೆಕ್ಕ ಕೂಡ ಜೊತೆಗಿದೆ. ಬಿಸಿಲಿನ ಬೆಳಕು 100 ಪಾಲು ಅಂತ ಇಟ್ಕೊಳ್ಳಿ. ಪ್ಯಾನಲ್ ಅದ್ರಲ್ಲಿ 20 ಪಾಲು ಕರೆಂಟ್ ಮಾಡುತ್ತೆ, ಬ್ಯಾಟರಿ ವೈರು ದಾಟೋ ಹೊತ್ತಿಗೆ 16, ಎಲ್ಇಡಿ ಅದ್ರಲ್ಲಿ ಅರ್ಧದಷ್ಟನ್ನ ಬೆಳಕು ಮಾಡುತ್ತೆ, ಕೊನೆಗೆ ಗಿಡದ ಮೇಲೆ ಬೀಳೋದು 8. ಗಾಜಿನ ಹೆಂಚಲ್ಲಿ 80ರ ಮೇಲೆ ಸೀದಾ ಒಳಗೆ ಬರುತ್ತೆ. ಬಿಸಿಲಿದ್ದಾಗ ಒಂದೇ ಒಂದು ಹೆಂಚು ಒಳಗೆ ಬಿಡೋ ಬೆಳಕು 40 ವ್ಯಾಟಿನ ಗಿಡದ ಲೈಟಿಗೆ ಸಮ ಅಂದ್ರೆ ನಂಬಿ. ಮೋಡದಲ್ಲಿ ಅದು ಐದಾರು ವ್ಯಾಟ್ ಲೈಟಿನ ಮಟ್ಟಕ್ಕೆ ಇಳಿಯುತ್ತೆ, ಆದ್ರೆ ಆಗ ಪ್ಯಾನಲ್ಲೂ ಅದೇ ಪ್ರಮಾಣಕ್ಕೆ ಇಳಿದಿರುತ್ತೆ. ನಾಲ್ಕು ಹೆಂಚು ಹಾಕಿದ್ರೆ ಮೋಡದ ದಿನವೂ ಮಧ್ಯಾಹ್ನದ ಹೊತ್ತು ಒಂದು ಟ್ರೇಗೆ ಆಗುವಷ್ಟು ಬೆಳಕು ಬರುತ್ತೆ.

ಸಕಲೇಶಪುರ ಹೆಂಚು:
ಹಾಕ್ಸೋರಿಗೆ ಎರಡು ಮಾತು. ಗಾಜಿನ ಹೆಂಚಿನ ಹೊರಮೈ ಮೇಲೆ ಮಳೆಗಾಲದಲ್ಲಿ ಹಸಿರು ಪಾಚಿ ಹಿಡಿಯುತ್ತೆ. ಮೊದ್ಲು ಕೆಳಗಿನ ಅಂಚಲ್ಲಿ, ಮೇಲಿನ ಹೆಂಚಿನ ನೀರು ಇಳಿಯೋ ಜಾಗದಲ್ಲಿ ಒಂದು ಪಟ್ಟಿ ಥರ ಶುರುವಾಗಿ ಆಮೇಲೆ ಮೇಲಕ್ಕೆ ಹತ್ತುತ್ತೆ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸೋರು ಬಂದಾಗ ತೆಗ್ಸಿ ತೆಂಗಿನ ನಾರಲ್ಲಿ ತಿಕ್ಕಿ ಇಟ್ಟುಬಿಡ್ಬೇಕು, ಆಷಾಢದಲ್ಲಿ ಯಾರನ್ನೂ ಮಾಡು ಹತ್ತಿಸ್ಬೇಡಿ. ಅಡಿಕೆ ಸೋಗೆ, ತೆಂಗಿನ ಗರಿ ಬೀಳೋ ಕಡೆ ಹಾಕಿಸ್ಬೇಡಿ, ಒಡೆದ್ರೆ ರಾತ್ರಿಯೆಲ್ಲಾ ಪಾತ್ರೆ ಹಿಡ್ಕೊಂಡು ಕೂರ್ಬೇಕಾಗುತ್ತೆ. ಬಿಸಿಲು ಬಿಟ್ಟಾಗ ಒಂದೇ ಜಾಗಕ್ಕೆ ಚುರುಕಾಗಿ ಬೀಳುತ್ತೆ, ಎಳೇ ಸಸಿ ಸುಡುತ್ತೆ, ಹೆಂಚಿನ ಕೆಳಗೆ ತೆಳ್ಳಗಿನ ಬಿಳಿ ಪಂಚೆ ಕಟ್ಟಿದ್ರೆ ಬೆಳಕು ಹರಡ್ಕೊಳ್ಳುತ್ತೆ.

ಮೂಡಿಗೆರೆ ವೈರಿಂಗ್:
ಇದು ನನಗೂ ಒಪ್ಪಿಗೆ. ಕೊಪ್ಪದವ್ರೇ, ಹೆಂಚು ಪ್ಲಸ್ ಒಂದು 20 ವ್ಯಾಟ್ ಲೈಟು ಅಂತ ಮಾಡಿ. ಹೆಂಚಿಂದ ಬೆಳಕು ಬರೋ ಹೊತ್ತು ಬಿಟ್ಟು ಬೆಳಿಗ್ಗೆ 3 ಗಂಟೆ, ಸಂಜೆ 4 ಗಂಟೆ ಲೈಟು ಉರಿಸಿದ್ರೆ 140 ವ್ಯಾಟ್-ಅವರ್, ನಷ್ಟ ಸೇರಿ 175. ಜುಲೈ ಲೆಕ್ಕಕ್ಕೆ 120 ವ್ಯಾಟ್ ಪ್ಯಾನಲ್ ಬರುತ್ತೆ, ನಾನಾದ್ರೆ 160ರದ್ದು ಹಾಕ್ತೀನಿ. ಮೂರು ದಿನ ಕತ್ತಲೆ ಕವಿದ್ರೂ ನಡೀಬೇಕು ಅಂದ್ರೆ ಬ್ಯಾಟರೀಲಿ 450 ವ್ಯಾಟ್-ಅವರ್ ಉಪಯೋಗಕ್ಕೆ ಸಿಗ್ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದ್ರೆ 12.8 ವೋಲ್ಟ್ 50 ಎಎಚ್ (ಆಂಪಿಯರ್-ಅವರ್, ವೋಲ್ಟಿಗೆ ಗುಣಿಸಿದ್ರೆ ವ್ಯಾಟ್-ಅವರ್) ತಗೊಳ್ಳಿ, 640 ವ್ಯಾಟ್-ಅವರ್ ಇರುತ್ತೆ, ಶೇ 80 ಖಾಲಿ ಮಾಡಿದ್ರೂ ತಡ್ಕೊಳ್ಳುತ್ತೆ. ಲೆಡ್ ಆಸಿಡ್ ಆದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರ್ದು, ಸೋ 75 ಎಎಚ್ ಮೇಲೆ ಬೇಕು. ಯುಪಿಎಸ್ ಒಳಗಿರೋ 7 ಎಎಚ್ ಪುಟ್ಟ ಬ್ಯಾಟರಿ ತೋರ್ಸಿದ್ರೆ ತಗೋಬೇಡಿ, ಅದ್ರಲ್ಲಿರೋದೇ 84, ಉಪಯೋಗಕ್ಕೆ ಸಿಗೋದು 42, ನಿಮ್ಮ ಲೈಟು ಎರಡು ಗಂಟೆಗೆ ಆರುತ್ತೆ.

ಕಂಟ್ರೋಲರ್ ಎಂಪಿಪಿಟಿ ಥರದ್ದಿರ್ಲಿ, ಅದು ಪ್ಯಾನಲ್ ಜಾಸ್ತಿ ವ್ಯಾಟ್ ಕೊಡೋ ವೋಲ್ಟಲ್ಲೇ ಅದನ್ನ ನಡೆಸುತ್ತೆ. ಕಮ್ಮಿ ರೇಟಿನ ಪಿಡಬ್ಲ್ಯೂಎಂ ಏನ್ ಮಾಡುತ್ತೆ ಅಂದ್ರೆ 18 ವೋಲ್ಟಲ್ಲಿ ಕೆಲಸ ಮಾಡ್ಬೇಕಾದ ಪ್ಯಾನಲನ್ನ ಬ್ಯಾಟರಿಯ 13 ವೋಲ್ಟಿಗೆ ಎಳ್ದುಬಿಡುತ್ತೆ, ಕಾಲು ಭಾಗದ ಮೇಲೆ ಅಲ್ಲೇ ಹೋಯ್ತು. ಮತ್ತೆ ಇನ್ವರ್ಟರ್ ಹಾಕಿ 230 ವೋಲ್ಟ್ ಮಾಡಿ ಅದಕ್ಕೆ ಮಾಮೂಲಿ ಲೈಟ್ ಸಿಗಿಸ್ಬೇಡಿ. ಖಾಲಿ ಕೂತಿದ್ರೂ ಇನ್ವರ್ಟರ್ ಹತ್ತು ಹದಿನೈದು ವ್ಯಾಟ್ ತಿನ್ನುತ್ತೆ, 20 ವ್ಯಾಟ್ ಲೈಟಿಗೋಸ್ಕರ ಅದನ್ನ ಸಾಕೋದು ಯಾವ ನ್ಯಾಯ? 12 ವೋಲ್ಟ್ ಡಿಸಿ ಲೈಟೇ ತಗೊಳ್ಳಿ.

ಹಾಸನ ಗೃಹಿಣಿ:
ಒಂದು ಮಾತು ಕೇಳ್ಲಾ? 20 ವ್ಯಾಟ್ ಲೈಟು ಪೂರ್ತಿ 14 ಗಂಟೆ ಉರಿಸಿದ್ರೂ ತಿಂಗಳಿಗೆ ಎಂಟೂವರೆ ಯೂನಿಟ್ ಆಗುತ್ತೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದ್ರೂ 50 ರೂಪಾಯಿ. ಗೃಹಜ್ಯೋತಿ ಇರೋರಿಗೆ ಸರಾಸರಿ ಮೇಲೆ ಒಂದಿಷ್ಟು ಯೂನಿಟ್ ಜಾಸ್ತಿ ಕೊಟ್ಟಿದ್ದಾರಲ್ಲ, ಅದ್ರೊಳಗೇ ಮುಗಿಯುತ್ತೆ ಎಷ್ಟೋ ಮನೇಲಿ. 200 ಯೂನಿಟ್ ದಾಟದ ಹಾಗೆ ನೋಡ್ಕೊಂಡ್ರಾಯ್ತು. ಹಾಸನ ಸಿಟೀಲಿ ಕರೆಂಟ್ ಹೋದ್ರೂ ಒಂದೆರಡು ಗಂಟೆಗೆ ಬರುತ್ತೆ, ನಮ್ಮಂಥೋರಿಗೆ ಇದಕ್ಕೆ ಅಂತ ಬೇರೆ ಸೋಲಾರ್ ಯಾಕೆ? ನಾನು ಆಫ್ರಿಕನ್ ವಯೊಲೆಟ್ ಕುಂಡಗಳಿಗೆ ಮಾಮೂಲಿ 9 ವ್ಯಾಟ್ ಬಿಳಿ ಬಲ್ಬು ಟೈಮರ್‌ಗೆ ಹಾಕಿ ಬಿಟ್ಟಿದೀನಿ, ಚೆನ್ನಾಗಿ ಹೂ ಬಿಡ್ತಿದೆ.

ಮೂಡಿಗೆರೆ ವೈರಿಂಗ್:
ಪೂರ್ತಿ ಒಪ್ತೀನಿ ಮೇಡಂ. ದುಡ್ಡು ಉಳಿಸೋಕೆ ಅಂತ ಯಾರೂ ಇದಕ್ಕೆ ಬ್ಯಾಟರಿ ಸೋಲಾರ್ ಹಾಕ್ಬೇಡಿ, ಆ 50 ರೂಪಾಯಲ್ಲಿ ಬ್ಯಾಟರಿ ದುಡ್ಡು ಯಾವ ಕಾಲಕ್ಕೂ ಹುಟ್ಟಲ್ಲ. ಲೈನ್ ದಿನಗಟ್ಟಲೆ ಇಲ್ದಿರೋ ಕಡೆ, ಲೈನೇ ಹೋಗದಿರೋ ತೋಟದ ಮನೇಲಿ ಇದ್ರ ಬೆಲೆ ಗೊತ್ತಾಗೋದು.

ಕಡೂರು ತಾರಸಿ:
ಮಾಡಿನ ಮೇಲೆ ದೊಡ್ಡ ಸೋಲಾರ್ ಹಾಕಿಸ್ಕೊಂಡ್ರೆ ಎಲ್ಲಾ ಒಟ್ಟಿಗೆ ಆಗಲ್ವಾ? ಪಿಎಂ ಸೂರ್ಯಘರ್‌ನಲ್ಲಿ 2 ಕಿಲೋವ್ಯಾಟ್‌ವರೆಗೂ ಕಿಲೋವ್ಯಾಟ್‌ಗೆ 30,000 ಸಬ್ಸಿಡಿ ಇದೆ, 3 ಕಿಲೋವ್ಯಾಟ್‌ಗೆ 78,000 ಬರುತ್ತೆ. ಆ ಯೋಜನೆಯ ಪೋರ್ಟಲ್‌ನಲ್ಲಿ ಮೆಸ್ಕಾಂ ಆರಿಸ್ಕೊಂಡು ಅರ್ಜಿ ಹಾಕ್ಬಹುದು.

ಮೂಡಿಗೆರೆ ವೈರಿಂಗ್:
ಕಡೂರಿನ ಬಿಸಿಲಿಗೆ ಅದು ಒಳ್ಳೇದು, ಹಾಕ್ಸಿ. ಆದ್ರೆ ಒಂದು ತಿಳ್ಕೊಂಡಿರಿ, ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಕರೆಂಟ್ ಹೋದ ಕೂಡ್ಲೆ ತಾನೂ ಆಫ್ ಆಗುತ್ತೆ. ಲೈನ್‌ಮ್ಯಾನ್ ಕಂಬದ ಮೇಲೆ ಕೆಲಸ ಮಾಡುವಾಗ ನಮ್ಮನೆ ಕರೆಂಟ್ ಲೈನಿಗೆ ಹೋಗಬಾರ್ದು ಅಂತ ಮಾಡಿರೋ ವ್ಯವಸ್ಥೆ ಅದು. ಅಲ್ಲಿಗೆ ಕೊಪ್ಪದವ್ರ ಸಮಸ್ಯೆ ಹಾಗೇ ಉಳೀತು.

ಕೊಪ್ಪದ ಅಟ್ಟ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಹೆಂಚು ಅಮ್ಮಂಗೆ ಕೇಳಿದ ತಕ್ಷಣ ಇಷ್ಟ ಆಯ್ತು. ಪ್ಯಾನಲ್ ಎಲ್ಲಿ ಇಡೋದು ಅಂತ ಈಗ. ಮಾಡಿನ ಮೇಲೆ ಎರಡು ಸಿಲ್ವರ್ ಓಕ್ ನೆರಳು ಬೀಳುತ್ತೆ. ಕಣ ಬಯಲಾಗಿದೆ, ಅಲ್ಲಿಂದ ಅಟ್ಟಕ್ಕೆ ವೈರು 10 ಮೀಟರ್ ಆಗುತ್ತೆ, ನಡೆಯುತ್ತಾ?

ಮೂಡಿಗೆರೆ ವೈರಿಂಗ್:
ಕಣದಲ್ಲೇ ಇಡಿ. ಪ್ಯಾನಲ್ ಒಳಗಿನ ಸೆಲ್‌ಗಳು ಸಾಲಾಗಿ ಸೇರಿರುತ್ತವೆ, ಒಂದು ಮೂಲೇಲಿ ಕೊಂಬೆ ನೆರಳು ಬಿದ್ರೂ ಆ ಸಾಲಿನ ಕರೆಂಟೆಲ್ಲಾ ಕುಗ್ಗುತ್ತೆ, ಅದಕ್ಕೆ ಮರದ ನೆರಳಿನ ಮಾಡಿಗಿಂತ ದೂರದ ಬಯಲು ವಾಸಿ. ಮುಖ ದಕ್ಷಿಣಕ್ಕೆ. ನಮ್ಮದು 13 ಡಿಗ್ರಿ ಅಕ್ಷಾಂಶ, 15 ಡಿಗ್ರಿ ಓರೆ ಕೊಡಿ, ಚಪ್ಪಟೆ ಮಾತ್ರ ಇಡ್ಬೇಡಿ. ಚಪ್ಪಟೆ ಇಟ್ರೆ ಕೆಳಗಿನ ಫ್ರೇಮ್ ಹತ್ರ ನೀರು ನಿಂತು ಕೆಸರು ಪಾಚಿ ಕಟ್ಟುತ್ತೆ, ಬೆರಳಗಲ ಕಟ್ಟಿದ್ರೂ ಕೊನೇ ಸಾಲಿನ ಸೆಲ್ ಮುಚ್ಚುತ್ತೆ, ಅದೂ ನೆರಳಿದ್ದಂಗೇ.

ಅಡಿಕೆ ಪಕ್ಕದಲ್ಲೇ ಇದ್ಯಲ್ಲ, ಕೊಳೆ ಔಷಧಿ ಹೊಡೆಸೋ ದಿನ ಪ್ಯಾನಲ್ ಮೇಲೆ ಟಾರ್ಪಾಲು ಹಾಕಿ. ಬೋರ್ಡೋ ದ್ರಾವಣದ ಸುಣ್ಣ, ಮೈಲುತುತ್ತ ಗಾಜಿನ ಮೇಲೆ ಬಿದ್ದು ಒಣಗಿದ್ರೆ ಬೂದು ನೀಲಿ ಚುಕ್ಕಿ ಚುಕ್ಕಿ ಪದರ ಕೂರುತ್ತೆ, ಬರೀ ಮಳೆಗೆ ಹೋಗಲ್ಲ. ಬಿದ್ದಿದ್ದು ಕಂಡ್ರೆ ಹಸಿ ಇರುವಾಗಲೇ ನೀರು ಹುಯ್ದು ಬಟ್ಟೇಲಿ ಒರೆಸಿ, ಚಾಕು ಹಾಕಿ ಕೆರೀಬೇಡಿ.

ವೈರು 10 ಮೀಟರ್ ಅಂದ್ರೆ ಹೋಗಿ ಬರೋ ದಾರಿ 20 ಮೀಟರ್. 12 ವೋಲ್ಟಲ್ಲಿ 10 ಆಂಪಿಯರ್ ಹರಿದ್ರೆ 2.5 ಸ್ಕ್ವೇರ್ ಎಂಎಂ ವೈರಲ್ಲಿ ಒಂದೂವರೆ ವೋಲ್ಟ್ ದಾರೀಲೇ ಹೋಗುತ್ತೆ, 6 ಸ್ಕ್ವೇರ್ ಎಂಎಂ ತಗೊಂಡ್ರೆ ಅರ್ಧ ವೋಲ್ಟ್ ಮೇಲೆ ಸ್ವಲ್ಪ. ಸೋಲಾರ್‌ದೇ ತಾಮ್ರದ ಡಿಸಿ ಕೇಬಲ್ 6 ಸ್ಕ್ವೇರ್ ಕೇಳಿ ತಗೊಳ್ಳಿ. ಬ್ಯಾಟರಿ ಪ್ಲಸ್ ಹತ್ರಾನೇ ಫ್ಯೂಸ್ ಇರ್ಲೇಬೇಕು, ಹಳೇ ಮನೆ, ಅಟ್ಟದ ತುಂಬಾ ಮರ, ಶಾರ್ಟ್ ಆದ್ರೆ ಕಷ್ಟ. ಏಪ್ರಿಲ್ ಮೇ ಸಿಡಿಲಿಗೆ ಪ್ಯಾನಲ್ ಫ್ರೇಮು ಅರ್ಥ್ ಮಾಡ್ಸಿ, ಸರ್ಜ್ ಪ್ರೊಟೆಕ್ಟರ್ ಹಾಕ್ಸಿ. ಲೆಡ್ ಆಸಿಡ್ ಬ್ಯಾಟರಿ ತಗೊಂಡ್ರೆ ಮಲಗೋ ರೂಮಲ್ಲಿ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಗಾಳಿ ಆಡೋ ಜಾಗ ಬೇಕು.

ಬೇಲೂರು ಸೇವಂತಿಗೆ:
ನಮ್ದು ಸ್ವಲ್ಪ ಬೇರೆ, ಇಲ್ಲೇ ಕೇಳ್ಬಿಡ್ತೀನಿ. 10 ಗುಂಟೆ ಸೇವಂತಿಗೆ, ಹೊಲಕ್ಕೆ ಲೈನ್ ಇಲ್ಲ. ಬೇರೆ ಕಡೆ ಹೊಲದಲ್ಲಿ ರಾತ್ರಿ ಬಲ್ಬ್ ಸಾಲು ಹಾಕ್ತಾರಲ್ಲ, ಗಿಡ ಎತ್ತರ ಆಗೋ ಮುಂಚೆ ಮೊಗ್ಗು ಬರದಿರ್ಲಿ ಅಂತ, ಅದನ್ನ ಸೋಲಾರಲ್ಲಿ ಮಾಡ್ಬಹುದಾ ಸರ್? ಒಂದು ಟ್ರೇಗೇ ಇಷ್ಟು ಬೇಕು ಅಂದ್ರೆ ನಮ್ಮ ಹೊಲಕ್ಕೆ ಎಷ್ಟು ಬೇಕಾಗುತ್ತೋ.

ಚಿಕ್ಕಮಗಳೂರು ಲ್ಯಾಬು:
ಹೆದರ್ಬೇಡಿ, ನಿಮ್ಮ ಲೆಕ್ಕವೇ ಬೇರೆ. ಟ್ರೇ ಸಸಿಗೆ ಲೈಟು ಊಟ. ನಿಮ್ಮ ಸೇವಂತಿಗೆಗೆ ಊಟ ಹಗಲಲ್ಲಿ ಸೂರ್ಯನಿಂದ ಸಿಕ್ಕಿರುತ್ತೆ, ರಾತ್ರಿ ಬಲ್ಬು ಬರೀ ಸೂಚನೆ ಕೊಡೋಕೆ. ಸೇವಂತಿಗೆ ರಾತ್ರಿ ಉದ್ದ ಇದ್ರೆ ಮೊಗ್ಗಿಗೆ ತಿರುಗೋ ಗಿಡ, ನಮ್ಮ ಕಡೆ ಜೂನಲ್ಲೂ ಹಗಲು 13 ಗಂಟೆ ದಾಟಲ್ಲ, ಡಿಸೆಂಬರಲ್ಲಿ ಹನ್ನೊಂದೂವರೆಗಿಂತ ಕಮ್ಮಿ, ಅದಕ್ಕೆ ಎಳೇ ಗಿಡವೂ ಬೇಗ ಮೊಗ್ಗು ಕಟ್ಟೋದು. ರಾತ್ರಿ ಮಧ್ಯ 4 ಗಂಟೆ ಬೆಳಕು ಬಿಟ್ರೆ ಆ ಉದ್ದ ರಾತ್ರಿ ಎರಡು ತುಂಡಾಗುತ್ತೆ, ಗಿಡ ಬೆಳೀತಾನೇ ಇರುತ್ತೆ. ಎಲೆ ಮೇಲೆ 100 ಲಕ್ಸ್ (ಕಣ್ಣಿಗೆ ಕಾಣೋ ಬೆಳಕಿನ ಅಳತೆ) ಹತ್ರ ಬಿದ್ರೆ ಸಾಕು.

ಮೂಡಿಗೆರೆ ವೈರಿಂಗ್:
10 ಗುಂಟೆ ಅಂದ್ರೆ ಸಾವಿರ ಚದರ ಮೀಟರ್ ಚಿಲ್ಲರೆ. ಮೂರು ಮೀಟರ್‌ಗೊಂದು 9 ವ್ಯಾಟ್ ಬಲ್ಬ್ ಅಂದ್ರೆ 110 ಬಲ್ಬು, ಒಂದು ಕಿಲೋವ್ಯಾಟ್, 4 ಗಂಟೆಗೆ 4 ಯೂನಿಟ್. ಇಷ್ಟನ್ನ ಬ್ಯಾಟರೀಲಿ ಇಡೋದು ದುಬಾರಿ. ಲ್ಯಾಬಿನವ್ರೇ, ನಡು ನಡುವೆ ಆರಿಸಿ ಉರಿಸಿದ್ರೆ ನಡೆಯುತ್ತಲ್ವಾ?

ಚಿಕ್ಕಮಗಳೂರು ಲ್ಯಾಬು:
ನಡೆಯುತ್ತೆ. ಆ 4 ಗಂಟೇಲಿ 10 ನಿಮಿಷ ಉರಿಸಿ 20 ನಿಮಿಷ ಆರಿಸೋ ಪದ್ಧತಿ ಹೂವಿನ ಬೇಸಾಯದಲ್ಲಿ ಹಳೇದು, ಗಿಡ ಪೂರ್ತಿ ಬೆಳಕು ಇದ್ದಂಗೇ ತಿಳ್ಕೊಳ್ಳುತ್ತೆ, ಎಲ್ಇಡಿಗೆ ಆನ್ ಆಫ್‌ನಿಂದ ತೊಂದ್ರೆ ಇಲ್ಲ. ನೀಲಿ ಜಾಸ್ತಿ ಇರೋ ಕೂಲ್ ವೈಟ್ ಬದ್ಲು ವಾರ್ಮ್ ವೈಟ್ ತಗೊಳ್ಳಿ, ಈ ಕೆಲಸ ಮಾಡ್ಸೋದು ಕೆಂಪು ಬೆಳಕು. ಗಿಡ ಬೇಕಾದ ಎತ್ತರಕ್ಕೆ ಬಂದ ಮೇಲೆ ಬಲ್ಬ್ ನಿಲ್ಲಿಸಿ, ಆಮೇಲೆ ಮೊಗ್ಗಾಗುತ್ತೆ.

ಮೂಡಿಗೆರೆ ವೈರಿಂಗ್:
ಹಾಗಾದ್ರೆ 4 ಯೂನಿಟ್ ಒಂದೂಕಾಲು ಒಂದೂವರೆಗೆ ಇಳೀತು. ಹೊಲವನ್ನ ಮೂರು ಭಾಗ ಮಾಡಿ, ಒಂದಾದ್ಮೇಲೆ ಒಂದು ಭಾಗಕ್ಕೆ 10 ನಿಮಿಷದಂತೆ ಸರದಿ ಮೇಲೆ ಕೊಡಿ, ಆಗ ಒಂದು ಸಲಕ್ಕೆ ಎಳೆಯೋದು 330 ವ್ಯಾಟ್ ಅಷ್ಟೇ. ವೈರು, ಕಂಟ್ರೋಲರ್ ಎಲ್ಲಾ ಸಣ್ಣದಾಗುತ್ತೆ. 24 ವೋಲ್ಟಲ್ಲಿ ಮಾಡಿ, ಹೊಲದುದ್ದಕ್ಕೆ 12 ಬೇಡ, 24 ವೋಲ್ಟ್ ಡಿಸಿ ಬಲ್ಬೇ ಕೇಳಿ. ಬ್ಯಾಟರಿ 25.6 ವೋಲ್ಟ್ 100 ಎಎಚ್ ಒಂದು, ಪ್ಯಾನಲ್ ಬೇಲೂರಿನ ಬಿಸಿಲಿಗೆ 540 ವ್ಯಾಟಿಂದು ಎರಡು ಹಾಕಿದ್ರೆ ಮೋಡದ ವಾರಕ್ಕೂ ತಡೆಯುತ್ತೆ. ಗಿಡ ನೆಡೋ ಮುಂಚೆ ಒಂದು ಸಾಲಿಗೆ ಬಲ್ಬ್ ಕಟ್ಟಿ, ಕತ್ತಲಾದ ಮೇಲೆ ಮೊಬೈಲಿನ ಲಕ್ಸ್ ಮೀಟರ್ ಆ್ಯಪಲ್ಲಿ ಎರಡು ಬಲ್ಬಿನ ನಡುವೆ ನೆಲದ ಹತ್ರ ಎಷ್ಟು ಬರುತ್ತೆ ನೋಡಿ ಇಲ್ಲಿ ಹಾಕಿ. 50ಕ್ಕಿಂತ ಕಮ್ಮಿ ಇದ್ರೆ ಬಲ್ಬ್ ಹತ್ತಿರ ತರೋಣ.

ಬೇಲೂರು ಸೇವಂತಿಗೆ:
ಸರಿ ಸರ್, ನಾಳೆ ಸಂಜೆ ಮನೆ ಹತ್ರ ನಾಲ್ಕು ಬಲ್ಬ್ ಕಟ್ಟಿ ನೋಡ್ತೀನಿ, ರೀಡಿಂಗ್ ಹಾಕ್ತೀನಿ.